ವರ್ಷ ತುಂಬುವ ಮೊದಲೇ ಖಾಲಿಯಾಗುವ ಎಸಿ ಗ್ಯಾಸ್

ಪ್ರಶ್ನೆ: ನಮ್ಮ ಸಣ್ಣ ಕಾರಿಗೆ ಏಳು ವರ್ಷ. ನಿಲ್ಲಿಸುವುದು ಸಮುದ್ರದ ಹತ್ತಿರವೇ. ಪ್ರತಿ ಮಾರ್ಚ್‌ನಲ್ಲಿ ಎಸಿ ಗ್ಯಾಸ್ ತುಂಬಿಸುತ್ತೇವೆ, ದೀಪಾವಳಿ ಹೊತ್ತಿಗೆ ಬರೀ ಬಿಸಿಗಾಳಿ. ‘ಕರಾವಳಿಯಲ್ಲಿ ಇದು ಮಾಮೂಲು’ ಅನ್ನುತ್ತಾರೆ ಗ್ಯಾರೇಜಿನವರು. ಹೌದೇ? – ಓದುಗರು, ಕಾರವಾರ

ಉತ್ತರ: ಮಾಮೂಲಲ್ಲ. ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಹೋಗುವುದಿಲ್ಲ, ಒಳಗೇ ಸುತ್ತುತ್ತಿರುತ್ತದೆ. ರಬ್ಬರ್ ಹೋಸಿನಿಂದ ವರ್ಷಕ್ಕೆ ಕೆಲವು ಗ್ರಾಂ ಹೋದೀತು, ಅಷ್ಟೆ. ನಿಮ್ಮದರಲ್ಲಿ ಎಲ್ಲೋ ಲೀಕ್ ಇದೆ.

ಮೊದಲ ಅನುಮಾನ ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ, ಕಾರಿನ ಮುಂಭಾಗದ ಜಾಲರಿ) ಮೇಲೆ. ಉಪ್ಪುಗಾಳಿ ಅಲ್ಯೂಮಿನಿಯಂ ತಿನ್ನುತ್ತದೆ, ಹೆದ್ದಾರಿಯ ಜಲ್ಲಿಕಲ್ಲು ಸಿಡಿದರೂ ತೂತಾಗುತ್ತದೆ. ಎಂಜಿನ್ ಆರಿಸಿ, ಗ್ರಿಲ್ ಹಿಂದಕ್ಕೆ ಟಾರ್ಚ್ ಬಿಟ್ಟು ನೋಡಿ. ಗ್ಯಾಸಿನ ಜೊತೆ ಕಂಪ್ರೆಸರ್ (ಗ್ಯಾಸ್ ಒತ್ತುವ ಪಂಪ್) ಎಣ್ಣೆಯೂ ಹೊರಬರುವುದರಿಂದ ಸೋರುವ ಕಡೆ ಧೂಳು ಅಂಟಿ ಕಪ್ಪು ಜಿಡ್ಡಾಗಿರುತ್ತದೆ, ಬೆರಳು ಸವರಿದರೆ ಜಾರುತ್ತದೆ. ಕೆಸರು ಕೂರುವ ಕೆಳಗಿನ ಮೂಲೆಗಳನ್ನು ಬಿಡಬೇಡಿ. ಪೈಪ್ ಜಾಯಿಂಟ್‌ಗಳು, ಗ್ಯಾಸ್ ತುಂಬಿಸುವ ವಾಲ್ವ್, ಕಂಪ್ರೆಸರ್ ಕ್ಲಚ್‌ನ ಹಿಂಭಾಗವನ್ನೂ ಹೀಗೆಯೇ ನೋಡಿ.

ಇನ್ನು ಗೇಜ್, ಅಂದರೆ ಗ್ಯಾಸಿನ ಒತ್ತಡ ತೋರಿಸುವ ಮೀಟರ್. ಆರ್‌-134ಎ ಗ್ಯಾಸಿನ ಕಾರು ಎಂಜಿನ್ ಆರಿ ತಣ್ಣಗೆ ನಿಂತಿರುವಾಗ, 30 ಡಿಗ್ರಿ ತಾಪಮಾನದಲ್ಲಿ ಸುಮಾರು 95–100 ಪಿಎಸ್‌ಐ ತೋರಿಸಬೇಕು. ಇದಕ್ಕಿಂತ ತೀರಾ ಕಡಿಮೆಯಿದ್ದರೆ ಒಳಗೆ ದ್ರವರೂಪದ ಗ್ಯಾಸೇ ಉಳಿದಿಲ್ಲ. ಆದರೆ 95 ಇದ್ದ ಮಾತ್ರಕ್ಕೆ ಗ್ಯಾಸ್ ಭರ್ತಿ ಎಂದಲ್ಲ: ಒಂದಿಷ್ಟು ದ್ರವ ಉಳಿದಿದ್ದರೂ ಅದೇ ಅಂಕಿ ಬರುತ್ತದೆ. ಎಸಿ ಓಡಿಸಿದಾಗ ಎರಡೂ ಗೇಜ್ (ಕಂಪ್ರೆಸರಿಗೆ ಬರುವ ಕಡೆಯ ಲೋ ಸೈಡ್, ಹೊರಡುವ ಕಡೆಯ ಹೈ ಸೈಡ್) ಇಳಿದಿದ್ದರೆ ಗ್ಯಾಸ್ ಕಡಿಮೆ. ಹೈ ಸೈಡ್ 300 ದಾಟಿ, ನಿಂತಾಗ ಮಾತ್ರ ಕೂಲಿಂಗ್ ಹೋಗುತ್ತಿದ್ದರೆ ಕಂಡೆನ್ಸರ್ ಫ್ಯಾನ್ ನೋಡಿ. ಅದಕ್ಕೂ ಗ್ಯಾಸ್ ತುಂಬಿಸಿ ದುಡ್ಡು ಕಳೆದುಕೊಳ್ಳುವವರು ಬಹಳ.

ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು (ಇದೇ ವ್ಯಾಕ್ಯೂಮ್) ಗ್ಯಾರೇಜಿನವರು ‘ವ್ಯಾಕ್ಯೂಮ್ ನಿಂತಿತು, ಲೀಕ್ ಇಲ್ಲ’ ಎಂದರೆ ಒಪ್ಪಬೇಡಿ. ವ್ಯಾಕ್ಯೂಮ್‌ನಲ್ಲಿ ಬೀಳುವ ಒತ್ತಡ 15 ಪಿಎಸ್‌ಐಗಿಂತ ಕಡಿಮೆ, ಓಡುವಾಗ 200ರ ಮೇಲೆ. ನೈಟ್ರೋಜನ್ 150ರವರೆಗೆ ತುಂಬಿಸಿ, ಸೋಪು ನೊರೆ ಹಚ್ಚಿ, ಅರ್ಧ ಗಂಟೆ ಕಾಯಲು ಹೇಳಿ. ಟೈರಿನ ಗಾಳಿ ಬೇಡ, ತೇವ ಒಳಸೇರುತ್ತದೆ. ಹೊರಗೆಲ್ಲೂ ಗುಳ್ಳೆ ಬರದೆ ಗೇಜ್ ಮುಳ್ಳು ಇಳಿದರೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸೋರುತ್ತಿದೆ. ಅದು ದುಬಾರಿ ಕೆಲಸ.

ಕಂಡೆನ್ಸರ್ ಬದಲಿಸಿದರೆ ಓ-ರಿಂಗ್ (ಜಾಯಿಂಟಿನ ರಬ್ಬರ್ ಉಂಗುರ), ಡ್ರೈಯರ್ (ಒಳಗಿನ ತೇವ ಹೀರುವ ಭಾಗ) ಹೊಸದಿರಲಿ, ಹೋದಷ್ಟು ಎಣ್ಣೆ ಸೇರಲಿ. ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಬಾನೆಟ್ ಅಡಿಯ ಚೀಟಿಯಲ್ಲಿರುವಷ್ಟೇ ಗ್ರಾಂ ಗ್ಯಾಸ್ ತೂಕ ಮಾಡಿ ಹಾಕಿಸಿ. ಲೀಕ್ ಮುಚ್ಚುವ ಡಬ್ಬಿಯ ದ್ರಾವಣ ಬೇಡವೇ ಬೇಡ.

ಪ್ರಶ್ನೆ: ಎಸಿ ಹಾಕಿದಾಗ ಕಾರಿನಡಿ ನೀರು ತೊಟ್ಟಿಕ್ಕುತ್ತದೆ. ಗ್ಯಾಸ್ ಸೋರಿಕೆಯೇ? – ಓದುಗರು, ಶಿರಸಿ

ಉತ್ತರ: ಅಲ್ಲ, ತಣ್ಣನೆ ಕಾಯಿಲ್ ಮೇಲೆ ಕೂತ ಗಾಳಿಯ ತೇವ ಅದು. ನೀರು ಹೊರಗೆ ಬೀಳದೆ ಕಾಲಡಿಯ ಮ್ಯಾಟ್ ಒದ್ದೆಯಾದರೆ ಡ್ರೈನ್ ಪೈಪ್ ಕಟ್ಟಿಕೊಂಡಿದೆ, ಕಸ ತೆಗೆಸಿ.