ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ಬಹುಕಾಲ ನೋಯುವ ಕಾಯಿಲೆ) ನೋವಿಗೆ ಟಿಡಿಸಿಎಸ್ ಯಂತ್ರ ಕೊಂಡು ಮನೆಯಲ್ಲೇ ಹಾಕಿಕೊಂಡರೆ ಮಾತ್ರೆ ಬಿಡಬಹುದೇ? ಯಾವ ಯಂತ್ರ ಒಳ್ಳೆಯದು? ಅಂತ ಕೇಳಿದ್ದೀರಿ.

ಟಿಡಿಸಿಎಸ್ ಅಂದರೆ ತಲೆಯ ಮೇಲೆ ಎರಡು ಒದ್ದೆ ಸ್ಪಂಜು ಇಟ್ಟು ಮಿದುಳಿಗೆ ಸಣ್ಣ ಕರೆಂಟ್ ಹಾಯಿಸುವುದು. ಯಂತ್ರ ಯಾವುದಾದರೂ ಆಗಲಿ, ನನ್ನ ಹಣೆ ಸುಟ್ಟಿದ್ದು ಸ್ಪಂಜಿನಿಂದ.

ವೈದ್ಯರು ಬರೆದುಕೊಟ್ಟಿದ್ದು: 2 ಮಿಲಿಆಂಪ್, 20 ನಿಮಿಷ, ಸತತ 5 ದಿನ. ಆನೋಡ್ (ಪ್ಲಸ್ ತುದಿಯ ಸ್ಪಂಜು) ಎಡಗಡೆ ಸಿ3 ಮೇಲೆ, ಅಂದರೆ ಮೈಯ ಚಲನೆ ನಡೆಸುವ ಮಿದುಳಿನ ಭಾಗದ ಮೇಲೆ; ಕ್ಯಾಥೋಡ್ (ಮೈನಸ್ ತುದಿಯದು) ಬಲಹುಬ್ಬಿನ ಮೇಲ್ಗಡೆ, ಹಣೆಯಲ್ಲಿ. 2006ರಲ್ಲಿ ಸಂಶೋಧಕ ಫೆಲಿಪೆ ಫ್ರೆಗ್ನಿ ತಂಡ 32 ರೋಗಿಗಳಲ್ಲಿ ಪರೀಕ್ಷಿಸಿದಾಗ ನೋವು ಹೆಚ್ಚು ಇಳಿದಿದ್ದೂ ಈ ಜಾಗದಲ್ಲೇ.

ಸ್ಪಂಜು 5x7 ಸೆಂ.ಮೀ. ಅದರ ಒಂದೊಂದು ಬದಿಗೆ ಸುಮಾರು 6 ಮಿ.ಲೀ. ಸಲೈನ್ (ಉಪ್ಪುನೀರು), ಸಿರಿಂಜಿನಲ್ಲಿ ಅಳೆದು. ಮೂರನೇ ದಿನ ಬಾಟಲಿ ಖಾಲಿ. ನೀರು ನೀರೇ ತಾನೆ ಅಂತ ನಲ್ಲಿ ನೀರಲ್ಲಿ ಅದ್ದಿಬಿಟ್ಟೆ. ನಲ್ಲಿ ನೀರಲ್ಲಿ ಉಪ್ಪಿನಂಶ ಕಮ್ಮಿ, ಹಾಗಾಗಿ ಕರೆಂಟಿಗೆ ತಡೆ ಜಾಸ್ತಿ. ಯಂತ್ರಕ್ಕೆ ಇದೆಲ್ಲ ಬೇಡ, 2 ಮಿಲಿಆಂಪ್ ತಳ್ಳಲೇಬೇಕು ಅಂತ ವೋಲ್ಟೇಜ್ ಏರಿಸುತ್ತದೆ. ಸ್ಪಂಜಿನ ಒಂದು ಮೂಲೆ ಒಣಗಿದರೆ ಉಳಿದ ಒದ್ದೆ ಜಾಗಕ್ಕೇ ಅಷ್ಟೂ ಕರೆಂಟ್ ನುಗ್ಗುತ್ತದೆ. ಶುರುವಿನಲ್ಲಿ ಚುರುಚುರು ಅನ್ನುವುದು, ಕಡಿತ ಬರುವುದು ಸಹಜ, ಒಂದೆರಡು ನಿಮಿಷಕ್ಕೆ ಇಳಿಯಬೇಕು. ನನಗೆ ಒಂದೇ ಚುಕ್ಕೆಯಲ್ಲಿ ಉರಿ ಏರುತ್ತಲೇ ಹೋಯಿತು. ಕೆಲಸ ಮಾಡ್ತಿದೆ ಅಂತ ಹಲ್ಲುಕಚ್ಚಿ ಕೂತೆ. ತೆಗೆದಾಗ ರೂಪಾಯಿ ನಾಣ್ಯದಷ್ಟು ಕೆಂಪು, ಮಾರನೇ ದಿನ ಹಕ್ಕಳೆ.

ಹಾಗಂತ ತೊಟ್ಟಿಕ್ಕುವಷ್ಟು ಸುರಿದರೂ ಕೆಟ್ಟಿತು: ಸುತ್ತಲ ಕೂದಲೆಲ್ಲ ಒದ್ದೆಯಾಗಿ ಕರೆಂಟ್ ಅಲ್ಲೇ ಹರಡಿಹೋಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ತಲೆ ಬೇಡವೇ ಬೇಡ, ಎಣ್ಣೆ ಕರೆಂಟಿಗೆ ಅಡ್ಡಗೋಡೆ.

ಸಿ3 ಜಾಗವನ್ನು ಅಂದಾಜಲ್ಲಿ ಹುಡುಕಬೇಡಿ. ಮೂಗಿನ ಬುಡದಿಂದ ಹಿಂತಲೆಯ ಗಂಟಿನವರೆಗೆ ಟೇಪು ಹಿಡಿದು ಅರ್ಧ ಗುರುತಿಸಿ. ಒಂದು ಕಿವಿಯ ಮುಂದಿನ ಗುಳಿಯಿಂದ ಇನ್ನೊಂದಕ್ಕೆ ಅಳೆದು ಅದರ ಅರ್ಧವನ್ನೂ ಗುರುತಿಸಿ. ಎರಡೂ ಕೂಡುವುದು ನೆತ್ತಿ. ಅಲ್ಲಿಂದ ಎಡಕ್ಕೆ, ಕಿವಿಯಿಂದ ಕಿವಿಯ ಅಳತೆಯ ಶೇ. 20. ಅದು 35 ಸೆಂ.ಮೀ. ಇದ್ದರೆ 7.

ಮಾತ್ರೆ ಬಿಡುವ ಪ್ರಶ್ನೆಯೇ ತಪ್ಪು. ಇದು ಪಕ್ಕವಾದ್ಯ. ಈ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಬೆವರುತ್ತೀರಿ, ಮೈ ನೋಯುತ್ತದೆ. ಆಮೇಲೆ ಯಂತ್ರ ಫಲ ಕೊಟ್ಟಿತೋ ಇಲ್ಲವೋ ತಿಳಿಯುವುದು ಹೇಗೆ? ಮೂರ್ಛೆರೋಗ, ತಲೆಯೊಳಗೆ ಲೋಹ, ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯೊಳಗೆ ಕೂರಿಸುವ ಶ್ರವಣ ಸಾಧನ) ಅಥವಾ ಪೇಸ್‌ಮೇಕರ್ ಇದ್ದರೆ ವೈದ್ಯರನ್ನು ಕೇಳದೆ ಡಬ್ಬಿಯನ್ನೇ ತೆರೆಯಬೇಡಿ.

ಹಣೆ ಮಾಗುವವರೆಗೆ ನಾನು ಸ್ಪಂಜು ಇಡುವಂತಿರಲಿಲ್ಲ. ಐದು ದಿನದ ಎಣಿಕೆ ಮತ್ತೆ ಒಂದರಿಂದ.