ಓದುಗರ ಪ್ರಶ್ನೆ: ಝಪತಾಲ ಎಣಿಸುವ ಟ್ರಿಗರ್ ಸೀಕ್ವೆನ್ಸರ್

ಪ್ರಶ್ನೆ: ಮಾಡ್ಯುಲರ್ ಸಿಂಥಸೈಜರ್‌ಗೆಂದು ಎಣಿಕೆ ಮಾಡುವ ಸಿಡಿ 4017 ಚಿಪ್ಪಿನಲ್ಲಿ ಹತ್ತು ಹೆಜ್ಜೆಯ ಟ್ರಿಗರ್ ಸೀಕ್ವೆನ್ಸರ್ (ಸರದಿಯಂತೆ ಡ್ರಮ್ಮಿಗೆ ಪೆಟ್ಟಿನ ಸಂಕೇತ ಕೊಡುವ ಸಾಧನ) ಕಟ್ಟಿದ್ದೇನೆ. ಹತ್ತು ಮಾತ್ರೆಗಳ (ತಾಳದ ಎಣಿಕೆಗಳ) ಝಪತಾಲದ ‘ಧೀ ಧೀ ನಾ’ಗೆ ಮೂರೂ ಸ್ವಿಚ್ ಹಾಕಿದರೆ ಡ್ರಮ್ ಒಂದೇ ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. 5 ವೋಲ್ಟಿನ ಕ್ಲಾಕ್ (ಹೆಜ್ಜೆ ಮುಂದೂಡುವ ಪಲ್ಸ್) ಕೊಟ್ಟರಂತೂ ಎಣಿಕೆಯೇ ಮುಂದೆ ಹೋಗುವುದಿಲ್ಲ. ಚಿಪ್ ಕೆಟ್ಟಿದೆಯೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಚಿಪ್ ಸರಿಯಾಗಿಯೇ ಇದೆ. 4017ರಲ್ಲಿ ಒಂದು ಹೆಜ್ಜೆ ಆರಿದ ಕ್ಷಣಕ್ಕೇ ಮುಂದಿನದು ಹೊತ್ತಿಕೊಳ್ಳುತ್ತದೆ, ನಡುವೆ ಬಿಡುವಿಲ್ಲ. ಡಯೋಡ್‌ಗಳ ಮೂಲಕ ಒಂದೇ ತಂತಿಗೆ ಸೇರಿದಾಗ ಮೂರು ಮಾತ್ರೆಗಳು ಒಂದೇ ಉದ್ದನೆಯ ಸಂಕೇತವಾಗುತ್ತವೆ. ಡ್ರಮ್ ಮಾಡ್ಯೂಲ್ ಕಾಯುವುದು ಏರಿಕೆಗೆ, ಅದು ಸಿಕ್ಕಿದ್ದು ಒಂದೇ ಸಲ.

ಆ ತಂತಿಯನ್ನು, ಎರಡೂ ಇನ್‌ಪುಟ್ ಏರಿದಾಗ ಮಾತ್ರ ಔಟ್‌ಪುಟ್ ಏರಿಸುವ ಸಿಡಿ 4081 ಆ್ಯಂಡ್ ಗೇಟಿನ 1ನೇ ಪಿನ್‌ಗೆ, ಕ್ಲಾಕನ್ನು 2ನೇ ಪಿನ್‌ಗೆ ಕೊಡಿ; ಟ್ರಿಗರ್ 3ರಲ್ಲಿ ಸಿಗುತ್ತದೆ. ಕ್ಲಾಕ್ ಇಳಿದಾಗಲೆಲ್ಲ ಔಟ್‌ಪುಟ್ ಕೂಡ ಇಳಿಯುವುದರಿಂದ ಪ್ರತಿ ಪೆಟ್ಟೂ ಬಿಡಿಯಾಗಿ ಬೀಳುತ್ತದೆ. ಹೆಜ್ಜೆಗಳ ಡಯೋಡ್ 1ಎನ್4148, ತಂತಿಯಿಂದ ಗ್ರೌಂಡಿಗೆ 100ಕೆ (ಕಿಲೋ ಓಮ್) ರೆಸಿಸ್ಟರ್. ಉಳಿದ ಗೇಟುಗಳ ಇನ್‌ಪುಟ್ 5, 6, 8, 9, 12, 13ನ್ನು ಗ್ರೌಂಡಿಗೆ ಕಟ್ಟಿ. ತೇಲಲು ಬಿಟ್ಟರೆ ಚಿಪ್ ಹುಚ್ಚಾಟ ಆಡುತ್ತದೆ.

ಇಲ್ಲೊಂದು ಕಳ್ಳ ಪೆಟ್ಟು ಅಡಗಿದೆ. ಕ್ಲಾಕ್ ಏರಿದ ಮೇಲೂ 4017ರ ಹಳೆಯ ಹೆಜ್ಜೆ ಸುಮಾರು ನೂರೈವತ್ತು ನ್ಯಾನೋಸೆಕೆಂಡ್ ಜೀವಂತವಾಗಿರುತ್ತದೆ. ಅಷ್ಟರಲ್ಲಿ ಆ್ಯಂಡ್ ಗೇಟಿನಿಂದ ಸೂಜಿಯಂಥ ಪಲ್ಸ್ ಹೊರಬಿದ್ದು, ಚುರುಕಾದ ಎನ್ವಲಪ್ ಮಾಡ್ಯೂಲ್ (ಶಬ್ದದ ಏರಿಳಿತ ರೂಪಿಸುವ ಭಾಗ) ಇದ್ದರೆ ಖಾಲಿ ಮಾತ್ರೆಯಲ್ಲೂ ಶಬ್ದ ಬರಬಹುದು. 4081ಕ್ಕೆ ಹೋಗುವ ಕ್ಲಾಕಿಗೆ ಮಾತ್ರ 10ಕೆ ರೆಸಿಸ್ಟರ್ ಹಾಕಿ, ಪಿನ್ 2ರಿಂದ ಗ್ರೌಂಡಿಗೆ 220 ಪಿಕೋಫ್ಯಾರಡ್ ಇಡಿ. ಒಂದೆರಡು ಮೈಕ್ರೋಸೆಕೆಂಡ್ ತಡ ಕಿವಿಗೆ ಗೊತ್ತೇ ಆಗದು.

ಇನ್ನು 5 ವೋಲ್ಟಿನ ತೊಡಕು. 12 ವೋಲ್ಟಿನಲ್ಲಿ ನಡೆಯುವ, 4017ರಂಥ ಸಿಮಾಸ್ ಚಿಪ್ಪಿಗೆ ‘ಹೈ’ ಎಂದು ಖಾತ್ರಿಯಾಗಲು ಅದರ ಶೇ. 70, ಅಂದರೆ 8.4 ವೋಲ್ಟ್ ಬೇಕು. ಆದ್ದರಿಂದ ಜ್ಯಾಕಿನಿಂದ 100ಕೆ ಮೂಲಕ ಬಿಸಿ547 ಟ್ರಾನ್ಸಿಸ್ಟರಿನ ಬೇಸ್‌ಗೆ ಬನ್ನಿ. ಬೇಸ್‌ನಿಂದ ಗ್ರೌಂಡಿಗೆ 47ಕೆ, ಎಮಿಟರ್ ಗ್ರೌಂಡಿಗೆ, ಕಲೆಕ್ಟರಿನಿಂದ 12 ವೋಲ್ಟಿಗೆ 10ಕೆ. ಕಲೆಕ್ಟರಿನಲ್ಲಿ ಸಂಕೇತ ತಲೆಕೆಳಗಾಗಿರುವುದರಿಂದ ಸಂಕೇತ ತಿರುಗಿಸುವ ಸಿಡಿ 40106 ಇನ್ವರ್ಟರ್ ಚಿಪ್ಪಿನ ಒಂದು ಗೇಟಿನಲ್ಲಿ ಮತ್ತೆ ತಿರುಗಿಸಿ 4017ರ 14ನೇ ಪಿನ್‌ಗೆ ಕೊಡಿ; ಅದರ 13ನೇ ಪಿನ್ ಗ್ರೌಂಡಿಗೆ. ಈಗ ಎರಡೂವರೆ ವೋಲ್ಟ್ ಆಸುಪಾಸಿನಲ್ಲೇ ಕ್ಲಾಕ್ ಹಿಡಿಯುತ್ತದೆ. 40106ರಲ್ಲೂ ಬಳಸದ ಇನ್‌ಪುಟ್ ಗ್ರೌಂಡಿಗೇ ಹೋಗಲಿ.

ಪ್ರಶ್ನೆ: ರೂಪಕಕ್ಕೆ ಏಳು, ದಾದ್ರಾಕ್ಕೆ ಆರು ಮಾತ್ರೆ ಬೇಕಾದರೆ? ಎಲ್ಲ ಎಲ್‌ಇಡಿಗೂ ಸೇರಿ ಒಂದೇ ರೆಸಿಸ್ಟರ್ ಸಾಕೇ?
– ಓದುಗರು, ವಿಜಯಪುರ

ಉತ್ತರ: ಹತ್ತು ಮಾತ್ರೆಗೆ 4017ರ 15ನೇ (ರೀಸೆಟ್) ಪಿನ್ 100ಕೆ ಮೂಲಕ ಗ್ರೌಂಡಿನಲ್ಲಿದ್ದರೆ ಸಾಕು; ಹತ್ತರವರೆಗೆ ಎಣಿಸುವುದೇ ಈ ಚಿಪ್ಪಿನ ಹುಟ್ಟುಗುಣ. ಏಳಕ್ಕೆ 6ನೇ ಪಿನ್ನನ್ನು, ಆರಕ್ಕೆ 5ನೇ ಪಿನ್ನನ್ನು ಡಯೋಡ್ ಮೂಲಕ 15ಕ್ಕೆ ತನ್ನಿ. ನಡುವೆ ರೋಟರಿ ಸ್ವಿಚ್ ಇರಲಿ. ಹೊರಗಿನ ರೀಸೆಟ್ ಕೂಡ ಅಲ್ಲಿಗೇ, ಇನ್ನೊಂದು ಡಯೋಡಿನಲ್ಲಿ. ಡಯೋಡ್ ಬಿಟ್ಟು ನೇರ ಜೋಡಿಸಿದರೆ ಎರಡು ಔಟ್‌ಪುಟ್ ಕಾದಾಡುತ್ತವೆ.

ಎಲ್‌ಇಡಿಗೆ ಒಂದೇ ರೆಸಿಸ್ಟರ್ ಬೇಡ. ಒಂದು ಉರಿಯುವಾಗ ಉಳಿದವುಗಳ ಮೇಲೆ ಸುಮಾರು 10 ವೋಲ್ಟ್ ಹಿಮ್ಮುಖವಾಗಿ ಬೀಳುತ್ತದೆ, ಸಾಮಾನ್ಯ ಎಲ್‌ಇಡಿಯ ಮಿತಿ 5. ಒಂದೊಂದಕ್ಕೂ ಪ್ರತ್ಯೇಕ 10ಕೆ ಹಾಕಿ.

ಪ್ರಶ್ನೆ: ಹದಿನಾರು ಮಾತ್ರೆಯ ತೀನ್‌ತಾಲಕ್ಕೆ ಎರಡು 4017 ಜೋಡಿಸುವುದೇ ದಾರಿಯೇ? ಪ್ಯಾನೆಲ್ ಅಳತೆ ಎಷ್ಟು?
– ಓದುಗರು, ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ಜೋಡಿಸಬಹುದು, ಆದರೆ ರಗಳೆ. ಸಿಡಿ 4520 ಎಣಿಕೆ ಚಿಪ್ಪಿನ ಅರ್ಧಭಾಗ 16ರವರೆಗೆ ಎಣಿಸುತ್ತದೆ. ಅದರ ನಾಲ್ಕು ಔಟ್‌ಪುಟ್‌ಗಳಿಂದ ಸಿಡಿ 4067 ಚಿಪ್ ಹದಿನಾರರಲ್ಲಿ ಒಂದು ಸ್ವಿಚ್ಚನ್ನು ಆರಿಸಲಿ. ಹದಿನಾರು ಡಯೋಡ್ ಬೇಕಾಗುವುದಿಲ್ಲ.

ಯುರೋರ್ಯಾಕ್ (ಮಾಡ್ಯುಲರ್ ಸಿಂಥಸೈಜರ್‌ಗಳ ಒಂದು ಅಳತೆಮಟ್ಟ) ಪ್ಯಾನೆಲಿನ ಎತ್ತರ 128.5 ಮಿ.ಮೀ.; 8 ಎಚ್‌ಪಿ (ಪ್ಯಾನೆಲ್ ಅಗಲದ ಮಾನ) ಅಗಲವೆಂದರೆ 40.3. ಮೇಲಿನ ಮತ್ತು ಕೆಳಗಿನ ಸ್ಕ್ರೂ ತೂತುಗಳ ನಡುವೆ 122.5 ಇರಬೇಕು. 2 ಮಿ.ಮೀ. ಅಲ್ಯೂಮಿನಿಯಂ ಹಾಳೆಯಲ್ಲಿ ಇದನ್ನು ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಲ್ಲಿ ಕತ್ತರಿಸಿಕೊಳ್ಳಬಹುದು. ಜ್ಯಾಕಿನ ತೂತನ್ನು ಮಾತ್ರ ಜ್ಯಾಕ್ ಕೈಗೆ ಬಂದ ಮೇಲೆ ಅಳೆದು ಕೊರೆಸಿ. ಪವರ್ ಕೇಬಲ್ಲಿನ ಕೆಂಪು ಗೆರೆ ಮೈನಸ್ 12ರ ಕಡೆಗೆ. ತಿರುವುಮುರುವಾದರೂ ಚಿಪ್ ಉಳಿಯಲೆಂದು ಪ್ಲಸ್ 12ರ ದಾರಿಯಲ್ಲಿ ಒಂದು 1ಎನ್5817 ಡಯೋಡ್ ಇರಲಿ.