ಸನ್ನತಿ ಜೊತೆ ಕನಗನಹಳ್ಳಿ ಸ್ತೂಪವನ್ನೂ ಒಂದೇ ದಿನ ನೋಡಬಹುದಾ?

ಅಮ್ಮನನ್ನು ಸನ್ನತಿಯ ಚಂದ್ರಲಾಂಬೆ ದೇವಿಯ ದರ್ಶನಕ್ಕೆ ಕರೆದೊಯ್ಯುವಾಗ ಕನಗನಹಳ್ಳಿಯ ಬೌದ್ಧ ಸ್ತೂಪವನ್ನೂ ನೋಡಬಹುದಾ ಎಂದು ಕೇಳಿದ್ದೀರಿ. ಖಂಡಿತ ನೋಡಬಹುದು. ಸನ್ನತಿ, ಕನಗನಹಳ್ಳಿ ಎರಡೂ ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಡದಲ್ಲೇ, ಅಕ್ಕಪಕ್ಕ ಇವೆ. ಹತ್ತಿರದ ರೈಲು ನಿಲ್ದಾಣ ನಾಲವಾರ. ಆದರೆ ಕಲಬುರಗಿಯಿಂದಲೇ ಕಾರು ಮಾಡಿಕೊಳ್ಳಿ. ವಯಸ್ಸಾದವರಿದ್ದಾಗ ಬಸ್ಸಿಗೆ ಕಾಯುವುದು ಕಷ್ಟ.

ಸಾಂಚಿಯಂಥ ಎತ್ತರದ ಗುಮ್ಮಟ ಇಲ್ಲಿಲ್ಲ. ಇಲ್ಲಿ ನೋಡಬೇಕಾದ್ದು ಸುಣ್ಣಕಲ್ಲಿನ ಕೆತ್ತನೆಗಳು. ರಾಣಿಯ ಜೊತೆ ನಿಂತಿರುವ ಅಶೋಕನ ಶಿಲ್ಪ ಸಿಕ್ಕಿದ್ದು ಇಲ್ಲೇ. ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇದೆ. ಹೆಸರಿನ ಸಮೇತ ಅಶೋಕನ ಮುಖ ನೋಡುವುದು ಎಷ್ಟು ಅಪರೂಪ ಅಲ್ವಾ! ಬುದ್ಧನ ಹಿಂದಿನ ಜನ್ಮಗಳ ಕಥೆ ಹೇಳುವ ಜಾತಕ ಕಥೆಗಳ ಫಲಕ, ಶಾತವಾಹನ ರಾಜರ ಶಿಲ್ಪಗಳೂ ಸಿಕ್ಕಿವೆ. ಶಾಸನಗಳಲ್ಲಿ ಈ ಸ್ತೂಪದ ಹೆಸರು ಅಧೋಲೋಕ ಮಹಾಚೈತ್ಯ. ಸುಮ್ನೆ ಒಂದು ಸುತ್ತು ಹಾಕಿ ಬರಬೇಡಿ, ಎರಡು ಗಂಟೆಯಾದರೂ ಇಟ್ಟುಕೊಳ್ಳಿ.

ಚಂದ್ರಲಾಂಬೆ ಗುಡಿಯ ಆವರಣಕ್ಕೂ ಅಶೋಕನಿಗೂ ನಂಟಿದೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂದು ಗೊತ್ತಾಯಿತು.

ಬಿಸಿಲು ಜಾಸ್ತಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಬೆಳಿಗ್ಗೆ ಮೊದಲು ಸ್ತೂಪ, ಆಮೇಲೆ ಗುಡಿ. ನೀರು, ಊಟ ಜೊತೆಗಿರಲಿ.